ಮೊಮೊ ಗಾಡಿಯಲ್ಲಿ ಬಾವೋ ಮಾಡುವುದು ಹೇಗೆ?

ತುಮಕೂರಿನಲ್ಲಿ ಸಂಜೆ ಹೊತ್ತು ಗೋಬಿ, ಮೊಮೊ ಗಾಡಿ ಇಡುವವರ ಹತ್ತಿರ ಬಾವೋಗೆ, ಅಂದರೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಚೀನೀ ಬನ್ನಿಗೆ, ಬೇಕಾದ ಸಾಮಾನು ಮುಕ್ಕಾಲು ಪಾಲು ಇದ್ದೇ ಇರುತ್ತದೆ. ಮೈದಾ, ಎಲೆಕೋಸು, ಸೋಯಾ ಸಾಸ್, ಅಂತಸ್ತಿನ ಸ್ಟೀಮರ್ ಎಲ್ಲ ಇವೆ. ಹೊಸದಾಗಿ ಬೇಕಾದದ್ದು ಯೀಸ್ಟ್ ಒಂದೇ, ತೊಂದರೆ ಕೊಡುವುದೂ ಅದೇ. ಮೊಮೊ ಕಣಕಕ್ಕೆ ಹುದುಗು ಇಲ್ಲ, ಅರ್ಧ ಗಂಟೆ ತಡವಾಗಿ ಬೇಯಿಸಿದರೂ ನಡೆಯುತ್ತದೆ. ಬಾವೋ ಹಾಗಲ್ಲ, ಒಲೆ ಮೇಲೆ ಹೋಗುವವರೆಗೂ ಉಬ್ಬುತ್ತಲೇ ಇರುತ್ತದೆ. ಹೂರಣದ ರುಚಿಗಿಂತ ಈ ಉಬ್ಬುವಿಕೆಯ ಮೇಲೆ ಕಣ್ಣಿಡುವುದು ಮುಖ್ಯ.

ಚೀನಾದಲ್ಲಿ ಬೆಳಗಿನ ತಿಂಡಿಗೆ ತಿನ್ನುವ ಈ ಬನ್ನಿನಲ್ಲಿ ಹೂರಣವಿದ್ದರೆ ಬಾವೋ, ಇಲ್ಲದಿದ್ದರೆ ಮಾಂತೌ. ಕೈ ಪಳಗುವವರೆಗೆ ಮಾಂತೌ ಮಾಡಿ ನೋಡುವುದು ಒಳ್ಳೆಯದು. ಕಣಕ ಎರಡಕ್ಕೂ ಒಂದೇ, ಮತ್ತು ಕೆಟ್ಟರೆ ಹೂರಣವಾದರೂ ಉಳಿಯುತ್ತದೆ.

ಕಣಕ

ಇಪ್ಪತ್ತು ಬಾವೋಗೆ ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ (ಸುಮಾರು ಒಂದೂವರೆ ಟೀ ಚಮಚ), ಸಕ್ಕರೆ 25 ಗ್ರಾಂ, ಎಣ್ಣೆ ಎರಡು ಟೀ ಚಮಚ, ನೀರು 260 ಮಿ.ಲೀ. ತೂಕದ ಯಂತ್ರ ಇಟ್ಟುಕೊಳ್ಳಿ, ಲೋಟದ ಲೆಕ್ಕದಲ್ಲಿ ಮೈದಾ ದಿನಕ್ಕೊಂದು ಥರ ಬರುತ್ತದೆ. ನೀರನ್ನು ಒಂದೇ ಸಲ ಸುರಿಯಬೇಡಿ. ಮೊದಲು 240 ಹಾಕಿ ಕಲಸಿ, ಒಣ ಹಿಟ್ಟು ಉಳಿದರೆ ಮಾತ್ರ ಮಿಕ್ಕದ್ದು. ಕಣಕ ಚಪಾತಿ ಹಿಟ್ಟಿಗಿಂತ ಕೊಂಚ ಗಟ್ಟಿಯಾಗಿಯೇ ಇರಲಿ. ಮೆತ್ತಗಾದರೆ ಬೇಯುವಾಗ ಬಾವೋ ಅಗಲಕ್ಕೆ ಹರಡಿ ಚಪ್ಪಟೆಯಾಗುತ್ತದೆ.

ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಲಟ್ಟಣಿಗೆಯಿಂದ ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಮಾಡಿ, ಮತ್ತೆ ಲಟ್ಟಿಸಿ. ಹೀಗೆ ಐದಾರು ಸಲ. ಬಹಳ ಜನ ಬಿಟ್ಟುಬಿಡುವ ಹಂತವಿದು. ಒಳಗಿನ ಗಾಳಿಗುಳ್ಳೆ ಒಡೆಯದಿದ್ದರೆ ಬೆಂದ ಮೇಲೆ ಮೇಲ್ಮೈಯಲ್ಲಿ ಬೊಕ್ಕೆ ಬೊಕ್ಕೆಯಾಗಿ ಏಳುತ್ತದೆ. ಕಣಕವನ್ನು ಮೊದಲು ದುಪ್ಪಟ್ಟಾಗಿ ಉಬ್ಬಿಸಿ, ನಾದಿ, ಬಾವೋ ಕಟ್ಟಿ ಮತ್ತೆ ಉಬ್ಬಿಸುವ ಪದ್ಧತಿಯೂ ಇದೆ. ರುಚಿ ಸ್ವಲ್ಪ ಹೆಚ್ಚು, ಆದರೆ ಗಾಡಿ ವ್ಯಾಪಾರಕ್ಕೆ ಒಂದೇ ಸಲ ಉಬ್ಬಿಸುವುದೇ ಸರಿ. ಸಮಯ ಕೈಯಲ್ಲಿರುತ್ತದೆ, ಮೈ ನುಣುಪಾಗಿ ಬರುತ್ತದೆ.

ಹೂರಣ

ಎಲೆಕೋಸು 400 ಗ್ರಾಂ ಸಣ್ಣಗೆ ಹೆಚ್ಚಿ, ಒಂದು ಟೀ ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಅಣಬೆ 100 ಗ್ರಾಂ, ಕ್ಯಾರೆಟ್ 100 ಗ್ರಾಂ, ಒಂದು ಇಂಚು ಶುಂಠಿ ಇವನ್ನು ದೊಡ್ಡ ಉರಿಯಲ್ಲಿ ಬಾಡಿಸಿ ಕೋಸಿಗೆ ಸೇರಿಸಿ. ಒಂದು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಟೀ ಚಮಚ ಬಿಳಿ ಮೆಣಸಿನ ಪುಡಿ, ಒಂದು ಹಿಡಿ ಈರುಳ್ಳಿ ಹೂ. ಮತ್ತೆ ಉಪ್ಪು ಬೇಡ, ಕೋಸಿನಲ್ಲೂ ಸಾಸಿನಲ್ಲೂ ಇರುವುದೇ ಸಾಕು. ಚೀನೀಯರು ಹಾಕುವ ಎಳ್ಳೆಣ್ಣೆ ಹುರಿದ ಎಳ್ಳಿನದು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಘಮ ಇಲ್ಲ, ಅದರ ಬದಲು ಒಂದು ಚಮಚ ಎಳ್ಳು ಹುರಿದು ಕುಟ್ಟಿ ಹಾಕಿ.

ಕೋಳಿಯದಾದರೆ ತೊಡೆ ಮಾಂಸದ ಖೀಮಾ 400 ಗ್ರಾಂ. ಎದೆಯ ಮಾಂಸ ಬೆಂದರೆ ಒಣ ಪುಡಿಯಂತಾಗುತ್ತದೆ. ಅದಕ್ಕೆ 60 ಮಿ.ಲೀ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತ, ಒಂದೇ ದಿಕ್ಕಿಗೆ ತಿರುವಿ. ಖೀಮಾ ನೀರು ಹೀರಿ ಅಂಟಂಟಾದರೆ ಸರಿ, ರಸ ಒಳಗೇ ನಿಲ್ಲುತ್ತದೆ. ಇದಕ್ಕೂ ಅದೇ ಶುಂಠಿ, ಸೋಯಾ, ಮೆಣಸು, ಈರುಳ್ಳಿ ಹೂ ಸಾಕು, ಗರಂ ಮಸಾಲೆ ಬೇಡ. ಹಸಿಯಾಗಿಯೇ ತುಂಬುವುದರಿಂದ ತುಂಬುವವರೆಗೆ ಫ್ರಿಜ್‌ನಲ್ಲಿರಲಿ. ಯಾವ ಹೂರಣವಾದರೂ ಪೂರ್ತಿ ತಣ್ಣಗಿರಬೇಕು. ಬಿಸಿ ಹೂರಣ ತಾಗಿದ ಕಡೆ ಕಣಕ ಬೇಗ ಹುದುಗಿ ತಳ ಒದ್ದೆಯಾಗಿ ಹರಿಯುತ್ತದೆ.

ಕಟ್ಟುವುದು

40 ಗ್ರಾಂ ಉಂಡೆಯನ್ನು ನಾಲ್ಕಿಂಚು ಅಗಲಕ್ಕೆ ಲಟ್ಟಿಸಿ. ನಡುವೆ ದಪ್ಪ, ಅಂಚು ತೆಳು. ಇಡೀ ಹಾಳೆ ಒಂದೇ ದಪ್ಪವಿದ್ದರೆ ನೆರಿಗೆಗಳೆಲ್ಲ ಮೇಲೆ ಸೇರಿ ಬೇಯದ ಗಂಟಾಗಿ ಕೂರುತ್ತದೆ. 25 ಗ್ರಾಂ ಹೂರಣ ಇಟ್ಟು, ಎಡ ಹೆಬ್ಬೆರಳಿನಿಂದ ಹೂರಣ ಒಳಕ್ಕೆ ಒತ್ತುತ್ತ, ಬಲಗೈಯಿಂದ ಒಂದೊಂದೇ ನೆರಿಗೆ ಹಿಡಿಯುತ್ತ ತಿರುಗಿಸಿ. ಹದಿನೆಂಟು ನೆರಿಗೆ ಬರಬೇಕೆನ್ನುವವರಿದ್ದಾರೆ. ಹತ್ತು ಬಂದರೂ ತಿನ್ನುವವರು ಯಾರೂ ಎಣಿಸುವುದಿಲ್ಲ. ಅಂಚಿಗೆ ಎಣ್ಣೆ ಅಥವಾ ರಸ ತಾಗದಂತೆ ನೋಡಿಕೊಳ್ಳಿ, ತಾಗಿದ ಕಡೆ ಬೇಯುವಾಗ ಬಾಯಿ ಬಿಡುತ್ತದೆ.

ಕಟ್ಟಿದ್ದನ್ನು ಬಾಳೆ ಎಲೆಯ ತುಂಡಿನ ಮೇಲೋ ಬೇಕಿಂಗ್ ಪೇಪರ್ ಮೇಲೋ ಇಟ್ಟು, ಒದ್ದೆ ಬಟ್ಟೆ ಮುಚ್ಚಿ ಉಬ್ಬಲು ಬಿಡಿ. ಏಪ್ರಿಲ್ ಸಂಜೆಯ ಸೆಕೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ, ಡಿಸೆಂಬರ್ ಚಳಿಯಲ್ಲಿ ನಲವತ್ತು ನಿಮಿಷವಾದರೂ ಬೇಕು. ಗಡಿಯಾರವೊಂದನ್ನೇ ನಂಬಬೇಡಿ. ಬಾವೋ ಒಂದೂವರೆ ಪಟ್ಟು ಆಗಿ, ಎತ್ತಿದರೆ ಹಗುರ ಅನಿಸಬೇಕು. ಬೆರಳಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ತುಂಬಿಕೊಳ್ಳಬೇಕು. ತಟ್ಟನೆ ಪುಟಿದರೆ ಇನ್ನೂ ಆಗಿಲ್ಲ, ಗುಳಿ ಹಾಗೇ ಉಳಿದರೆ ಮಿತಿ ಮೀರಿದೆ. ಬೇಸಿಗೆಯಲ್ಲಿ ಯೀಸ್ಟ್ 4 ಗ್ರಾಂಗೆ ಇಳಿಸಿ, ಫ್ರಿಜ್ ನೀರಲ್ಲಿ ಕಲಸಿ, ಒಂದು ಸಲಕ್ಕೆ ಹತ್ತೇ ಕಟ್ಟಿ. ಇಪ್ಪತ್ತೂ ಕಟ್ಟುವಷ್ಟರಲ್ಲಿ ಮೊದಲನೆಯದು ಕೆಟ್ಟಿರುತ್ತದೆ.

ಹಬೆ

ಕ್ಯಾತಸಂದ್ರದ ತಟ್ಟೆ ಇಡ್ಲಿ ಊರಲ್ಲಿ ಹಬೆಯ ಪಾಠ ಹೇಳುವುದು ಅಧಿಕಪ್ರಸಂಗ. ಆದರೂ ತೂತಿಲ್ಲದ ಇಡ್ಲಿ ತಟ್ಟೆ ಬಾವೋಗೆ ಆಗದು, ತಳದಲ್ಲಿ ನೀರು ನಿಂತು ಅಂಟಾಗುತ್ತದೆ. ತೂತಿನ ಸ್ಟೀಮರ್ ತಟ್ಟೆಯೇ ಬೇಕು. ಬಾವೋಗಳ ನಡುವೆ ಎರಡು ಬೆರಳು ಜಾಗ ಬಿಡಿ. ಬಿದಿರಿನ ಬುಟ್ಟಿ ಹಬೆ ಹೀರುತ್ತದೆ, ಲೋಹದ ಮುಚ್ಚಳ ಹನಿ ಉದುರಿಸುತ್ತದೆ. ಹನಿ ಬಿದ್ದ ಜಾಗ ಬಾಡಿ ಗಾಜಿನಂತೆ ಪಾರಕವಾಗುತ್ತದೆ, ಹಾಗಾಗಿ ಮುಚ್ಚಳಕ್ಕೆ ಹತ್ತಿ ಬಟ್ಟೆ ಕಟ್ಟಿ.

ನೀರು ಕುದಿಯುವಾಗ ಇಟ್ಟು, ಮಧ್ಯಮ ಉರಿಯಲ್ಲಿ ತರಕಾರಿಯದು ಹನ್ನೆರಡು ನಿಮಿಷ, ಕೋಳಿಯದು ಹದಿನೈದು. ಒಲೆ ಆರಿಸಿದ ತಕ್ಷಣ ಮುಚ್ಚಳ ತೆಗೆಯಬೇಡಿ. ಮೂರು ನಿಮಿಷ ಬಿಟ್ಟು, ಮೊದಲು ಸ್ವಲ್ಪ ಓರೆ ಮಾಡಿ, ಆಮೇಲೆ ಪೂರ್ತಿ ತೆಗೆಯಿರಿ. ತಣ್ಣನೆ ಗಾಳಿ ಒಮ್ಮೆಲೇ ತಾಗಿದರೆ ಬಾವೋ ಕುಸಿದು ಮುದುಡುತ್ತದೆ.

ಇಷ್ಟು ಮಾಡಿಯೂ ಮುದುಡಿದರೆ ಕಾರಣ ಬಹುತೇಕ ಅತಿ ಉಬ್ಬಿದ್ದು, ಇಲ್ಲವೇ ಉರಿ ಜೋರಾಗಿದ್ದು. ಒಳಗೆ ಗಟ್ಟಿ, ಅಂಟು ಬಂದರೆ ಉಬ್ಬಿದ್ದು ಕಡಿಮೆ. ಬೇಕಿಂಗ್ ಪೌಡರ್ ಹಾಕುವವರಿಗೆ ಹಳದಿ ಚುಕ್ಕೆ ಬಂದರೆ ಪುಡಿ ಸರಿಯಾಗಿ ಬೆರೆತಿಲ್ಲ, ಮೈದಾ ಜೊತೆ ಜರಡಿ ಹಿಡಿಯಿರಿ.

ಜೊತೆಗೆ ಮೊಮೊದ ಕೆಂಪು ಚಟ್ನಿ ಕೊಟ್ಟರೆ ಹೂರಣದ ರುಚಿ ಮುಚ್ಚಿಹೋಗುತ್ತದೆ. ಸೋಯಾ, ವಿನಿಗರ್ ಸಮ ಸಮ ಬೆರೆಸಿ, ಮೇಲೆ ಖಾರದ ಎಣ್ಣೆ ಬಿಡಿ. ಮೂರು ಚಮಚ ತರಿಯಾಗಿ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಮೇಲೆ 100 ಮಿ.ಲೀ. ಕಾದ ಎಣ್ಣೆ ಸುರಿದರೆ ಆಯಿತು. ಸುರಿಯುವ ಮೊದಲು ಎಣ್ಣೆಗೆ ಮೆಣಸಿನಕಾಯಿಯ ಒಂದು ಚೂರು ಹಾಕಿ ನೋಡಿ, ಚುರ್ ಅನ್ನಬೇಕು, ಕಪ್ಪಾಗಬಾರದು.

ಬೆಂದದ್ದನ್ನು ಸ್ಟೀಮರ್‌ನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇಟ್ಟರೆ ಸಿಪ್ಪೆ ಅಂಟಾಗುತ್ತದೆ. ಜನ ಕಡಿಮೆ ಇರುವ ದಿನ ಎಲ್ಲ ಬೇಯಿಸಿ, ಆರಿಸಿ, ಫ್ರಿಜ್‌ಗೆ ಹಾಕಿ. ಗಿರಾಕಿ ಬಂದಾಗ ಆರು ನಿಮಿಷ ಹಬೆ ಕೊಡಿ, ಕೋಳಿಯದಾದರೆ ಒಂದನ್ನು ಬಿಡಿಸಿ ನಡುಭಾಗ ಸುಡುವಷ್ಟು ಬಿಸಿಯಾಗಿದೆಯಾ ನೋಡಿ. ಹಸಿ ಬಾವೋ ಫ್ರಿಜ್‌ನಲ್ಲಿಟ್ಟರೆ ಅಲ್ಲೂ ಉಬ್ಬುತ್ತಲೇ ಹೋಗುತ್ತದೆ. ಬೆಂದು ಉಳಿದದ್ದನ್ನು ಮರುದಿನ ಕಾವಲಿಯಲ್ಲಿ ಎಣ್ಣೆ ಸವರಿ ತಳ ಕೆಂಪಗಾಗುವವರೆಗೆ ಬೇಯಿಸಿ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಟ್ಟರೆ ಮೇಲೆ ಮೆತ್ತಗೆ, ತಳ ಗರಿಗರಿ. ಕೆಲವರು ಇದನ್ನೇ ಕೇಳಿ ತಿನ್ನುತ್ತಾರೆ.