ಮೂಳೆ ಸ್ಕ್ಯಾನ್ ಮಾಡಿಸುವುದು ಹೇಗೆ? ಅಂಕಿಗೆ ಮೊದಲು ಚಿತ್ರ ನೋಡಿ

ಬೆಳಿಗ್ಗೆ ಲಾಲ್‌ಬಾಗ್ ಕಡೆ ವಾಕಿಂಗ್ ಹೋಗುವವರಿಗೆ ಉಚಿತ ಮೂಳೆ ತಪಾಸಣೆಯ ಶಾಮಿಯಾನ ಹೊಸದಲ್ಲ. ಹಿಮ್ಮಡಿಯನ್ನು ಸಣ್ಣ ಯಂತ್ರದೊಳಗೆ ಇಡಿಸಿ ಚೀಟಿ ಕೊಡುತ್ತಾರೆ. ಅದು ಅಲ್ಟ್ರಾಸೌಂಡ್, ಒಂದು ಅಂದಾಜು, ಅಷ್ಟೇ. ಆ ಚೀಟಿ ನಂಬಿ ಔಷಧಿ ಶುರು ಮಾಡಬೇಡಿ. ಪಕ್ಕದ ಮೇಜಿನಲ್ಲಿ ಮಾರುವ ಪುಡಿ ಡಬ್ಬವನ್ನಂತೂ ಕೊಳ್ಳಲೇಬೇಡಿ. ಸರಿಯಾದ ಅಳತೆಗೆ ಡೆಕ್ಸಾ ಸ್ಕ್ಯಾನ್ ಬೇಕು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಹಾಯಿಸಿ, ಮೂಳೆಯ ಸಾಂದ್ರತೆಯನ್ನು ಲೆಕ್ಕ ಹಾಕುವ ಯಂತ್ರ ಅದು.

1. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ಬಿಡಿ. ಇತ್ತೀಚೆಗೆ ಹೊಟ್ಟೆಯ ಎಕ್ಸ್-ರೇಗೆ ಕುಡಿಸುವ ಬೇರಿಯಂ ದ್ರವ ಕುಡಿದಿದ್ದರೆ ಅಥವಾ ಬಣ್ಣದ ಇಂಜೆಕ್ಷನ್ ಕೊಟ್ಟು ಸಿ.ಟಿ. ಮಾಡಿದ್ದರೆ ಮೊದಲೇ ಹೇಳಿ. ಒಂದೆರಡು ವಾರ ಕಾಯಿಸುತ್ತಾರೆ. ಗರ್ಭಿಣಿಯರಿಗೆ ಮಾಡುವುದಿಲ್ಲ.

2. ಮೈಮೇಲೆ ಲೋಹ ಬೇಡ. ಜಿಪ್ಪು, ಹುಕ್ಕು, ಸೀರೆಯ ಪಿನ್ನು ನೆನಪಿರುತ್ತವೆ. ಬೆಳ್ಳಿಯ ಉಡಿದಾರ ಮರೆತೇಹೋಗುತ್ತದೆ, ಅದಿರುವುದೋ ಸರಿಯಾಗಿ ಸೊಂಟದ ಮೇಲೆ!

3. ಮೇಜಿನ ಮೇಲೆ ಮಲಗಿ. ಜನ ಎಡವುವುದು ಇಲ್ಲೇ. ಸೊಂಟದ, ಅಂದರೆ ತೊಡೆಮೂಳೆ ಸೇರುವ ಕೀಲಿನ, ಚಿತ್ರಕ್ಕೆ ಕಾಲನ್ನು ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟುತ್ತಾರೆ. ಇರುಸುಮುರುಸು ಅಂತ ಪಾದ ಸಡಿಲ ಬಿಟ್ಟರೆ ತೊಡೆಮೂಳೆಯ ಕತ್ತು ಗಿಡ್ಡವಾಗಿ ಕಾಣುತ್ತದೆ, ಸಾಂದ್ರತೆ ಇಲ್ಲದಷ್ಟು ಜಾಸ್ತಿ ಬರುತ್ತದೆ. ಪಾದ ಕಟ್ಟದೆ ಬಟನ್ ಒತ್ತಲು ಹೊರಟರೆ ಕೇಳಿ. ಸಂಕೋಚ ಬೇಡ.

4. ರಿಪೋರ್ಟ್ ಬಂತು. ಕೆಂಪು, ಹಸಿರು ಬಣ್ಣದ ಪಟ್ಟಿ ನೋಡಿ ಮಡಚಿಡಬೇಡಿ, ಚಿತ್ರ ನೋಡಿ. ಬೆನ್ನುಮೂಳೆ ನೆಟ್ಟಗೆ, ನಡುಮಧ್ಯದಲ್ಲಿದೆಯಾ? ವಯಸ್ಸಾದವರ ಬೆನ್ನಲ್ಲಿ ಸವೆತದಿಂದ ಬೆಳೆದ ಮೂಳೆಯ ಕೊಕ್ಕೆಗಳಿರುತ್ತವೆ. ಮುಂದೆ ಹಾಯುವ ದೊಡ್ಡ ರಕ್ತನಾಳದಲ್ಲಿ ಸುಣ್ಣ ಕಟ್ಟಿರಬಹುದು. ಯಂತ್ರ ಅದನ್ನೂ ಮೂಳೆಯ ಲೆಕ್ಕಕ್ಕೇ ಸೇರಿಸುತ್ತದೆ. ಕುಸಿದ ಬೆನ್ನೆಲುಬು ಇನ್ನೂ ಮೋಸ: ಅಷ್ಟೇ ಖನಿಜ ಕಡಿಮೆ ಜಾಗದಲ್ಲಿ ಕೂತು ಗಟ್ಟಿಯಂತೆ ತೋರುತ್ತದೆ. ಹೀಗೆ ಕೆಟ್ಟಿರುವ ಎಲುಬುಗಳನ್ನು ಲೆಕ್ಕದಿಂದ ಬಿಡಬೇಕು. ಬೆನ್ನಿನಲ್ಲಿ ಕನಿಷ್ಠ ಎರಡು ಒಳ್ಳೆಯ ಎಲುಬು ಉಳಿಯದಿದ್ದರೆ ಮುಂಗೈ ಸ್ಕ್ಯಾನ್ ಮಾಡಿಸಿ. ಬೆನ್ನು ಚೆನ್ನಾಗಿದ್ದು ಸೊಂಟ ಮಾತ್ರ ಕೆಟ್ಟಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಬೆನ್ನಿನ ಅಂಕಿಯ ಮೇಲೆ.

ಆಮೇಲೆ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಮೇಲೆ ಅಥವಾ ಕೆಳಗಿದೆ ಅನ್ನುವ ಅಂಕಿ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು: ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಸುಲಭವಾಗಿ ಮುರಿಯುವಷ್ಟು ಟೊಳ್ಳಾಗುವ ರೋಗ), ನಡುವಿನದು ಮೂಳೆ ತೆಳುವಾಗುತ್ತಿರುವ ಹಂತ. ಬೆನ್ನು, ಸೊಂಟಗಳಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ. ಇನ್ನೂ ಮುಟ್ಟು ನಿಲ್ಲದ ಹೆಂಗಸರು, 50 ದಾಟದ ಗಂಡಸರು ಝಡ್-ಸ್ಕೋರ್ ನೋಡಬೇಕು, ಅದು ತಮ್ಮದೇ ವಯಸ್ಸಿನವರ ಜೊತೆಗಿನ ಹೋಲಿಕೆ. ಮೂವತ್ತರ ಹುಡುಗಿ ಟಿ-ಸ್ಕೋರ್ ನೋಡಿ ಸುಮ್ನೆ ಹೆದರುವುದು ಯಾಕೆ, ಅಲ್ವಾ?

5. ಕೊಬ್ಬು, ಸ್ನಾಯು ಎಷ್ಟಿದೆ ಅಂತ ತಿಳಿಯಲು ಇಡೀ ಮೈಯ ಡೆಕ್ಸಾ ಸ್ಕ್ಯಾನ್ ಬೇರೆಯೇ ಕೇಳಬೇಕು. ಖಾಲಿ ಹೊಟ್ಟೆಯಲ್ಲಿ, ಮೂತ್ರ ಮಾಡಿ, ವ್ಯಾಯಾಮಕ್ಕೆ ಮೊದಲೇ ಹೋಗಿ. ಜಿಮ್ಮಿನ ತೂಕದ ಯಂತ್ರ ಮೈಯಲ್ಲಿ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುತ್ತದೆ, ನೀರು ಕುಡಿದರೂ ಬೆವರಿದರೂ ಲೆಕ್ಕ ಬದಲು. ಎರಡನ್ನೂ ಹೋಲಿಸಬೇಡಿ.

6. ಮುಂದಿನ ಸಲ ಅದೇ ಸೆಂಟರ್, ಅದೇ ಯಂತ್ರ. ಬೇರೆ ಕಡೆ ಆಫರ್ ಇದೆ ಅಂತ ಹೋದರೆ ಎರಡು ರಿಪೋರ್ಟಿಗೂ ತಾಳೆ ಆಗುವುದಿಲ್ಲ, ಕಂಪನಿ ಬದಲಾದರೆ ಅಂಕಿಯೂ ಬದಲು. ಹೋಲಿಸುವಾಗ ಟಿ-ಸ್ಕೋರ್ ಬಿಟ್ಟು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅನ್ನುವ ಸಾಲು ನೋಡಿ. ಎಷ್ಟು ವ್ಯತ್ಯಾಸವಾದರೆ ಅದು ನಿಜವಾದ ಬದಲಾವಣೆ ಅಂತ ಸೆಂಟರಿನವರನ್ನೇ ಕೇಳಿ. ಉತ್ತರ ಅವರ ಹತ್ತಿರ ಇರಬೇಕು. ಚಿತ್ರವಿರುವ ಹಾಳೆಯನ್ನೂ ಕೇಳಿ ಪಡೆಯಿರಿ. ಬರೀ ಅಂಕಿಯ ಒಂದು ಪುಟ ಕೊಟ್ಟು ಕಳಿಸುವವರೂ ಇದ್ದಾರೆ.