ಜನರ ಜೊತೆ ಕೂತು ಆರೋಗ್ಯ ಪ್ರಾಜೆಕ್ಟ್ ಕಟ್ಟಿದ್ದು: ನನ್ನ ಅನುಭವ

ಫಂಡ್ ಕೊಡೋರಿಗೆ ಕಳಿಸೋ ಪ್ರಪೋಸಲ್‌ನಲ್ಲಿ ಸಂಶೋಧನಾ ಪ್ರಶ್ನೆ ಬರೆಯೋ ಜಾಗ ಖಾಲಿ ಬಿಟ್ಟು, 'ಪ್ರಶ್ನೆ ಜನರೇ ಹೇಳ್ತಾರೆ, ಮೊದಲ ಆರು ತಿಂಗಳಿಗೆ ಅಷ್ಟೇ ದುಡ್ಡು ಕೊಡಿ' ಅಂತ ಕೇಳಿದಾಗ ಜೊತೆಯವರೇ ಇದು ಪಾಸಾಗಲ್ಲ ಅಂದಿದ್ರು. ಪಾಸಾಯ್ತು, ಫಂಡ್ ಮುಗಿದ ಮೇಲೂ ಕೆಲಸ ನಡೀತಿದೆ, ಅದಕ್ಕೇ ಬರೀತಿದೀನಿ.

ತೀರ್ಮಾನದಲ್ಲಿ ಜನರಿಗೆ ಎಷ್ಟು ಪಾಲಿದೆ ಅಂತ ಅಳೆಯೋಕೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಕೊಟ್ಟ ಎಂಟು ಮೆಟ್ಟಿಲ ಏಣಿ ಇಟ್ಕೊಂಡು ನೋಡಿ, ನಾವು ಕೋ-ಡಿಸೈನ್ (ಜನರ ಜೊತೆ ಸೇರಿ ಯೋಜನೆ ರೂಪಿಸೋದು) ಅನ್ನೋದ್ರಲ್ಲಿ ಬಹಳಷ್ಟು 4ನೇ ಮೆಟ್ಟಿಲಲ್ಲೇ ನಿಂತಿರುತ್ತೆ, ಅಭಿಪ್ರಾಯ ಕೇಳ್ತೀವಿ, ತೀರ್ಮಾನ ನಾವೇ ತಗೋತೀವಿ. ದುಡ್ಡಿನ ಹಿಡಿತ ಬಿಟ್ಟುಕೊಡದೆ ಅದಕ್ಕಿಂತ ಮೇಲೆ ಹೋಗೋಕಾಗಲ್ಲ.

ಮೊದಮೊದಲು ದೊಡ್ಡ ಸಭೆ ಮಾಡಿದ್ವಿ, ಮುಖಂಡರು ಮಾತಾಡೋರು, ಉಳಿದವರು ತಲೆಯಾಡಿಸೋರು, ಕೊನೆಗೆ ಬೇಡಿಕೆ ಪಟ್ಟಿಲಿ ಬರೀ ಕಟ್ಟಡ, ಆಂಬುಲೆನ್ಸ್. ಆಮೇಲೆ ಐದಾರು ಜನರ ಗುಂಪು ಮಾಡಿ, ಹೆಂಗಸರು ಬೇರೆ, ದಿನಗೂಲಿಯವರು ಬೇರೆ, ತಲಾ ಹತ್ತು ಕಾಳು ಕೊಟ್ಟು, ಒಂದೊಂದು ಸಮಸ್ಯೆಯ ಚಿತ್ರ ಅಂಟಿಸಿದ ಡಬ್ಬಿಗಳಿಗೆ ಓಟು ಹಾಕೋ ಹಾಗೆ ಮರೆಯಲ್ಲಿ ಹಾಕಿಸಿದ್ವಿ. ಆಗ ನಿಜ ಹೊರಗೆ ಬಂತು. ಬಿಪಿ, ಶುಗರ್ ಮಾತ್ರೆ ಬಿಡೋದು ತಿಳುವಳಿಕೆ ಇಲ್ಲದೆ ಅಲ್ಲ, ಕ್ಲಿನಿಕ್ ತೆರೆದಿರೋ ಹೊತ್ತಿಗೆ ಹೋದ್ರೆ ಒಂದು ದಿನದ ಕೂಲಿನೇ ಹೋಗುತ್ತೆ! ಜಾಗೃತಿ ಪೋಸ್ಟರ್‌ಗೆ ಅಂತ ಇಟ್ಟಿದ್ದ ಹಣನೆಲ್ಲ ವಾರಕ್ಕೆರಡು ಸಂಜೆ ಕ್ಲಿನಿಕ್ ನಡೆಸೋಕೆ ಹಾಕಿದ್ವಿ. ಮೊದಲು ಅರ್ಧದಷ್ಟು ಜನ ಫಾಲೋಅಪ್‌ಗೆ ಬರೋದು ತಪ್ಪಿಸ್ತಿದ್ರು, ವರ್ಷದೊಳಗೆ ಅದು ಐದರಲ್ಲಿ ಒಬ್ಬರಿಗೆ ಇಳೀತು, ಅಂದಾಜು ಲೆಕ್ಕ.

ಎಲ್ಲಕ್ಕಿಂತ ಕಷ್ಟ ಸಂಭಾವನೆ. ಬಜೆಟ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಮುದಾಯದಿಂದಲೇ ಬಂದು ನಮ್ಮ ಜೊತೆ ಕೆಲಸ ಮಾಡೋ ಸಂಶೋಧಕರಿಗೇ ಇಟ್ಟಿದ್ದೆ, ಗಂಟೆಗೆ ನಮ್ಮ ರಿಸರ್ಚ್ ಅಸಿಸ್ಟೆಂಟ್‌ಗೆ ಕೊಡೋವಷ್ಟೇ. ಆದ್ರೆ ಬಿಲ್ ಕೊಡಿ ಆಮೇಲೆ ಹಣ ಅನ್ನೋ ಪದ್ಧತೀಲಿ ಎರಡು ತಿಂಗಳು ದುಡ್ಡೇ ಬರದೆ ಒಳ್ಳೆ ಕೆಲಸಗಾರರು ಬಿಟ್ಟು ಹೋದ್ರು, ಅವರನ್ನ ದೂರೋಕಾಗಲ್ಲ, ಮನೆ ನಡೀಬೇಕಲ್ಲ. ಕೊನೆಗೆ ಅಡ್ವಾನ್ಸ್ ತೆಗೆಸಿ ಅದೇ ದಿನ ಕೈಗೆ ಕೊಡೋ ಹಾಗೆ ಮಾಡಿದೆ. ಬಜೆಟ್‌ನ ಯಾವ ಖರ್ಚಿನ ಹೆಡ್ ಕೆಳಗೆ ತೋರಿಸಿ ಒಪ್ಪಿಸಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ಸಂಶೋಧನೆಗೆ ಅನುಮತಿ ಕೊಡೋ ಎಥಿಕ್ಸ್ ಕಮಿಟಿ, ಪ್ರಶ್ನಾವಳಿ ಇಲ್ಲದೆ ಅನುಮತಿ ಹೇಗೆ ಕೊಡೋದು ಅಂತ ವಾಪಸ್ ಕಳಿಸ್ತಾನೇ ಇತ್ತು. ಮೊದಲು ಪ್ರಕ್ರಿಯೆಗೆ ಮಾತ್ರ ಅನುಮತಿ, ಪ್ರಶ್ನಾವಳಿ ಸಿದ್ಧವಾದ್ಮೇಲೆ ತಿದ್ದುಪಡಿ ಅರ್ಜಿ, ಹಿಂಗೆ ಎರಡು ಹಂತ ಮಾಡಿ, ದಾರಿ ಸುಲಭ.

ನಡುವೆ ಫೋಟೋವಾಯ್ಸೂ ನೋಡಿದ್ವಿ, ಅಂದ್ರೆ ಜನರೇ ತಮ್ಮ ಬದುಕಿನ ಫೋಟೋ ತೆಗೆದು ಅದರ ಮೂಲಕ ಸಮಸ್ಯೆ ಹೇಳೋ ವಿಧಾನ. ಕ್ಯಾರೊಲಿನ್ ವಾಂಗ್, ಮೇರಿ ಆನ್ ಬರಿಸ್ 90ರ ದಶಕದಲ್ಲಿ ಚೀನಾದ ಯುನ್ನಾನ್‌ನ ಹಳ್ಳಿ ಹೆಂಗಸರ ಜೊತೆ ಮಾಡಿದ್ದು ಅದ್ಭುತ, ನಮ್ಮಲ್ಲಿ ಫೋಟೋದಲ್ಲಿ ಬಂದ ಪ್ರತಿ ಮುಖಕ್ಕೂ ಒಪ್ಪಿಗೆ ಪಡೆಯೋದ್ರಲ್ಲೇ ಸುಸ್ತು. ಕ್ಲಿನಿಕ್ ಕ್ಯೂನಲ್ಲಿ ನಿಂತೇ ಜನ ಕಳಿಸೋ ಅರ್ಧ ನಿಮಿಷದ ವಾಯ್ಸ್ ನೋಟ್ ಅದಕ್ಕಿಂತ ಎಷ್ಟೋ ವಾಸಿ, ಆದ್ರೆ ಕೇಳಿ ಬರೆದಿಡೋ ಖರ್ಚು ಅಂದುಕೊಂಡಿದ್ದಕ್ಕಿಂತ ಡಬಲ್, ಮೊದಲೇ ಬಜೆಟ್‌ನಲ್ಲಿ ಹಾಕ್ಕೊಳ್ಳಿ.