ಮೊದಲು ಸರ್ವಿಸ್ ಚಾರ್ಜ್ ಕೇಳಿ, ಆಮೇಲೆ ಶೋ ಫ್ಲ್ಯಾಟ್ ನೋಡಿ

ಇಂಗ್ಲೆಂಡಿನಲ್ಲಿ ಹೊಸ ಮನೆ ಕೊಳ್ಳಲು ಹೊರಟ ನಮ್ಮ ಕಡೆಯವರು ಯಾರೇ ಸಿಕ್ಕರೂ ನಾನು ಮೊದಲು ಕೇಳುವುದು ಒಂದೇ: ಸರ್ವಿಸ್ ಚಾರ್ಜ್ ಎಷ್ಟು? ಬಹಳ ಜನರಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮೆಂಟೆನೆನ್ಸ್ ಇದ್ದಹಾಗೆ, ಮನೆ ಸೇರಿದ ಮೇಲೆ ನೋಡಿಕೊಂಡರಾಯಿತು ಅಂದುಕೊಂಡಿರುತ್ತಾರೆ. ಆದರೆ ಇಲ್ಲಿ ಆ ಮೊತ್ತ ನಿಮಗೆ ಸಿಗುವ ಸಾಲವನ್ನೇ ಇಳಿಸಬಹುದು.

ನಾವು ಹುಡುಕಿದ್ದು ರೆಡಿಂಗ್‌ನಲ್ಲಿ. ಸ್ಟೇಷನ್ನಿಗೆ ಹತ್ತಿರದ ಒಂದು ಹೊಸ ಫ್ಲ್ಯಾಟ್ ಇಬ್ಬರಿಗೂ ಹಿಡಿಸಿತ್ತು. ಲೀಸ್‌ಹೋಲ್ಡ್, ಅಂದರೆ ಜಾಗದ ಒಡೆಯರು ಬೇರೆ, ನಮಗೆ ಸಿಗುವುದು ದೀರ್ಘಾವಧಿಯ ಗುತ್ತಿಗೆ. ಸರ್ವಿಸ್ ಚಾರ್ಜ್ ವರ್ಷಕ್ಕೆ 2,700 ಪೌಂಡ್, ಅಂದರೆ ತಿಂಗಳಿಗೆ 225. ರಿಸರ್ವೇಶನ್ ದುಡ್ಡು ಕಟ್ಟುವ ಮೊದಲೇ ಸಾಲ ಕೊಡಿಸುವ ಬ್ರೋಕರ್ ಜೊತೆ ಕೂತು ಲೆಕ್ಕ ಹಾಕಿಸಿದೆವು.

ಬ್ಯಾಂಕಿನವರು ಎರಡು ಥರ ಲೆಕ್ಕ ಮಾಡುತ್ತಾರೆ. ಒಂದು, ವರ್ಷದ ಸಂಬಳದ ಇಷ್ಟು ಪಟ್ಟು ಅಂತ. ಸಾಮಾನ್ಯವಾಗಿ ನಾಲ್ಕೂವರೆಯ ಆಸುಪಾಸು. ಇನ್ನೊಂದು, ತಿಂಗಳ ಖರ್ಚೆಲ್ಲ ಕಳೆದು ಕಂತಿಗೆ ಎಷ್ಟು ಉಳಿಯುತ್ತದೆ ಅಂತ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಾಲ. ಸರ್ವಿಸ್ ಚಾರ್ಜ್ ಬರುವುದು ಎರಡನೆಯ ಲೆಕ್ಕದಲ್ಲಿ. ಮಕ್ಕಳಿಲ್ಲದವರಿಗೆ, ಬೇರೆ ಸಾಲ ಇಲ್ಲದವರಿಗೆ ಅದು ತಟ್ಟದೇ ಇರಬಹುದು. ನಮಗೆ ಮಗಳ ನರ್ಸರಿ ಫೀಸೇ ಜಾಸ್ತಿ ಇತ್ತು, ಅದರ ಮೇಲೆ ಇದು. 5% ಬಡ್ಡಿ, 30 ವರ್ಷ ಅಂತ ಇಟ್ಟುಕೊಂಡರೆ, ತಿಂಗಳಿಗೆ 225 ಪೌಂಡ್ ಅನ್ನುವುದು ಸುಮಾರು 42,000 ಪೌಂಡ್ ಸಾಲದ ಕಂತು. ಸಾಲ ಅಷ್ಟು ಇಳಿದರೆ ಆ ದುಡ್ಡನ್ನು ಡೆಪಾಸಿಟ್‌ಗೆ, ಅಂದರೆ ನಾವು ಕೈಯಿಂದ ಹಾಕುವ ಪಾಲಿಗೆ, ಸೇರಿಸಲು ನಮ್ಮ ಹತ್ತಿರ ಇರಲಿಲ್ಲ.

ಎರಡು ವರ್ಷ ಸರ್ವಿಸ್ ಚಾರ್ಜ್ ನಾವೇ ಕಟ್ಟುತ್ತೇವೆ ಅಂತ ಬಿಲ್ಡರ್ ಕಡೆಯವರು ಹೇಳಿದರು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಇಂಥ ಕೊಡುಗೆಗಳನ್ನೆಲ್ಲ ಹೊಸ ಮನೆಗಳಿಗೇ ಇರುವ ಯುಕೆ ಫೈನಾನ್ಸ್ ಡಿಸ್‌ಕ್ಲೋಷರ್ ಫಾರ್ಮ್‌ನಲ್ಲಿ ಬರೆಯಬೇಕು. ಮನೆಯ ಬೆಲೆ ಅಂದಾಜು ಮಾಡುವ ಬ್ಯಾಂಕಿನ ವ್ಯಾಲ್ಯುವರ್ ಅದನ್ನು ನೋಡುತ್ತಾರೆ. ನಮ್ಮ ಬ್ರೋಕರ್ ವಿಚಾರಿಸಿದ ಬ್ಯಾಂಕು ಸಾಲದ ಲೆಕ್ಕಕ್ಕೆ ಸರ್ವಿಸ್ ಚಾರ್ಜಿನ ಪೂರ್ತಿ ಮೊತ್ತವನ್ನೇ ಹಿಡಿಯುತ್ತೇವೆ ಅಂದಿತು.

ನಾನು ಸರ್ವಿಸ್ ಚಾರ್ಜಿನ ಡ್ರಾಫ್ಟ್ ಬಜೆಟ್ ಕೂಡ ತರಿಸಿಕೊಂಡೆ. ಬ್ರೋಷರ್‌ನಲ್ಲಿ ಇರುವುದು ಬರೀ ಒಂದು ಅಂಕಿ. ಬಜೆಟ್‌ನಲ್ಲಿ ಲಿಫ್ಟ್, ಇನ್ಶೂರೆನ್ಸ್, ಕ್ಲೀನಿಂಗ್, ಮ್ಯಾನೇಜಿಂಗ್ ಏಜೆಂಟ್ ಫೀಸು ಎಲ್ಲ ಬೇರೆ ಬೇರೆ ಇರುತ್ತದೆ. ಅದರಲ್ಲಿ ನಾನು ಹುಡುಕಿದ್ದು ರಿಸರ್ವ್ ಫಂಡ್. ಮುಂದೆ ಛಾವಣಿ, ಲಿಫ್ಟ್ ಬದಲಿಸಲು ವರ್ಷಾ ವರ್ಷ ಎತ್ತಿಡುವ ಹಣ ಅದು. ಅಲ್ಲಿ ಇಟ್ಟಿದ್ದು ತೀರಾ ಕಡಿಮೆ. ಲಿಫ್ಟ್ ಇನ್ನೂ ವಾರಂಟಿಯಲ್ಲಿದ್ದುದರಿಂದ ಅದರ ಖರ್ಚೂ ಕಡಿಮೆ ಕಂಡಿತ್ತು. ಅಂದರೆ 2,700 ಬರೀ ಶುರುವಿನ ಅಂಕಿ. 2022ರ ಜೂನ್ 30ರಿಂದ ಹೆಚ್ಚಿನ ಹೊಸ ಲೀಸ್‌ಗಳಿಗೆ ಗ್ರೌಂಡ್ ರೆಂಟ್ (ಜಾಗದ ಒಡೆಯರಿಗೆ ಕಟ್ಟುವ ಬಾಡಿಗೆ) ಇಲ್ಲ, ನಿಜ. ಆದರೆ ಸರ್ವಿಸ್ ಚಾರ್ಜ್‌ಗೆ ಇಷ್ಟೇ ಅಂತ ಮಿತಿ ಇಲ್ಲ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಪ್ರಕಾರ ಅದು ನ್ಯಾಯವಾಗಿರಬೇಕು, ಹಾಗೆ ಅನ್ನಿಸದಿದ್ದರೆ ಟ್ರಿಬ್ಯೂನಲ್‌ಗೆ ಹೋಗಬಹುದು, ಅಷ್ಟೇ. ಆ ಫ್ಲ್ಯಾಟ್ ಬಿಟ್ಟೆವು.

ಕೊನೆಗೆ ಕೊಂಡದ್ದು ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಫ್ರೀಹೋಲ್ಡ್ ಮನೆ, ಅಂದರೆ ಜಾಗವೂ ನಮ್ಮದೇ. ಫ್ರೀಹೋಲ್ಡ್ ಅಂದರೆ ಯಾವ ಚಾರ್ಜೂ ಇರುವುದಿಲ್ಲ ಅಂತ ಹಲವರು ನಂಬಿದ್ದಾರೆ. ಈಗಿನ ಹೊಸ ಬಡಾವಣೆಗಳಲ್ಲಿ ರಸ್ತೆ, ಪಾರ್ಕ್, ಮಳೆನೀರಿನ ಹೊಂಡಗಳನ್ನು ಎಷ್ಟೋ ಕಡೆ ಕೌನ್ಸಿಲ್ (ಸ್ಥಳೀಯ ಆಡಳಿತ) ವಹಿಸಿಕೊಳ್ಳುವುದಿಲ್ಲ. ಒಂದು ಮ್ಯಾನೇಜ್‌ಮೆಂಟ್ ಕಂಪನಿ ನೋಡಿಕೊಳ್ಳುತ್ತದೆ, ನಾವು ಎಸ್ಟೇಟ್ ಚಾರ್ಜ್ ಕಟ್ಟುತ್ತೇವೆ. ಕೌನ್ಸಿಲ್ ಟ್ಯಾಕ್ಸ್ ಪೂರ್ತಿ ಕಟ್ಟಿದ ಮೇಲೆ ಇದೂ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನಮ್ಮದು ವರ್ಷಕ್ಕೆ 310 ಪೌಂಡ್. ಸಾಲದ ಲೆಕ್ಕದಲ್ಲಿ ಅದು ದೊಡ್ಡದಲ್ಲ. ತೊಡಕು ಇದ್ದದ್ದು ಮನೆಯ ಕ್ರಯಪತ್ರದಲ್ಲಿ. ಆ ಚಾರ್ಜನ್ನು ರೆಂಟ್‌ಚಾರ್ಜ್, ಅಂದರೆ ಆಸ್ತಿಯ ಮೇಲೇ ಹೊರಿಸಿದ ಬಾಕಿ, ಅಂತ ಬರೆದಿದ್ದರು. 1925ರ ಲಾ ಆಫ್ ಪ್ರಾಪರ್ಟಿ ಆಕ್ಟ್‌ನ 121ನೇ ಸೆಕ್ಷನ್ ಪ್ರಕಾರ ರೆಂಟ್‌ಚಾರ್ಜ್ 40 ದಿನ ಬಾಕಿ ಉಳಿದರೆ, ಅದನ್ನು ಪಡೆಯಬೇಕಾದವರು ಮನೆಯ ಮೇಲೆ ಲೀಸ್ ಮಾಡಿಸಿಕೊಳ್ಳಬಹುದು. ಸಣ್ಣ ಬಾಕಿಗೆ ಇಡೀ ಮನೆಗೇ ಕುತ್ತು. ಸಾಲ ಕೊಡುವವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ.

ಬಿಲ್ಡರ್ ಸೂಚಿಸಿದವರನ್ನು ಬಿಟ್ಟು ನಾವೇ ಹುಡುಕಿಕೊಂಡಿದ್ದ ಸಾಲಿಸಿಟರ್ (ಕಾಗದಪತ್ರ ನೋಡುವ ವಕೀಲರು) ಇದನ್ನು ಶುರುವಿನಲ್ಲೇ ಹಿಡಿದರು. ಬಾಕಿ ಬಿದ್ದರೆ ಮೊದಲು ಬ್ಯಾಂಕಿಗೆ ನೋಟಿಸ್ ಕೊಡಬೇಕು, 121ರ ಹಕ್ಕು ಬಳಸುವಂತಿಲ್ಲ ಅಂತ ಮನೆಯನ್ನು ನಮ್ಮ ಹೆಸರಿಗೆ ವರ್ಗಾಯಿಸುವ ಟಿಪಿ1 ಪತ್ರದಲ್ಲೇ ಸೇರಿಸಿ ಅಂತ ಬರೆದರು. ಬಿಲ್ಡರ್ ಕಡೆಯವರು ಮೊದಲು ಆಗಲ್ಲ ಅಂದರು. ಸಾಮಾನ್ಯವಾಗಿ 28 ದಿನದೊಳಗೆ ಎಕ್ಸ್‌ಚೇಂಜ್ ಮಾಡಿ, ಅಂದರೆ ಹಿಂದೆ ಸರಿಯಲಾಗದ ಹಾಗೆ ಕರಾರು ಮಾಡಿಕೊಳ್ಳಿ, ಅನ್ನುತ್ತಾರೆ, ಆ ಒತ್ತಡ ಬೇರೆ. ನಾವು ಜಗ್ಗಲಿಲ್ಲ. ಈ ಪದಗಳಿಲ್ಲದೆ ಬ್ಯಾಂಕ್ ದುಡ್ಡು ಬಿಡುವುದಿಲ್ಲ ಅಂತ ಸಾಲಿಸಿಟರ್ ಲಿಖಿತವಾಗಿ ತಿಳಿಸಿದ ಮೇಲೆ ಸೇರಿಸಿದರು.

ಎಕ್ಸ್‌ಚೇಂಜ್‌ಗೆ ಮೊದಲು ಇದು ಪತ್ರದಲ್ಲಿ ಒಂದೆರಡು ಸಾಲು ತಿದ್ದುವ ಕೆಲಸ. ಅದೇ ಮುಂದೆ ಮನೆ ಮಾರುವಾಗ ಕೊಳ್ಳುವವರ ಬ್ಯಾಂಕ್ ಕೇಳಿದರೆ ಡೀಡ್ ಆಫ್ ವೇರಿಯೇಶನ್ (ಮೂಲ ಪತ್ರ ಬದಲಿಸುವ ಹೊಸ ಪತ್ರ) ಮಾಡಿಸಬೇಕು. ಮ್ಯಾನೇಜ್‌ಮೆಂಟ್ ಕಂಪನಿ ಒಪ್ಪಬೇಕು, ಅವರ ಫೀಸು, ಅವರ ವಕೀಲರ ಫೀಸು ಎಲ್ಲ ಮಾರುವವರ ತಲೆಗೇ ಬರುವುದು ಜಾಸ್ತಿ.